ಎಳ್ಳು ತಿಂದ್ರೆ ಹಂಗೇ ಕಣೆ

ನನಗೆ ಬಾಯಿ ಜಾಸ್ತಿ. ಇದನ್ನು ನನ್ನ ಗಂಡ ನೆಂಟರ ಮುಂದೆಯೇ ಹೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಉಳಿದ ಮೇಷ್ಟ್ರುಗಳು ನಾನು ಎದ್ದುಹೋದ ಮೇಲೆ ಹೇಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಗುಬ್ಬಿ ಪಕ್ಕದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿರುವವಳಿಗೆ ಬಾಯಿ ಇರದೆ ಇನ್ನೇನಿರುತ್ತದೆ? ನಮ್ಮ ಬೀದಿಯಲ್ಲಿ ಯಾರಿಗೆ ಏನೇ ಆದರೂ "ಟೀಚರನ್ನ ಕೇಳಿ" ಅನ್ನುತ್ತಾರೆ. ಅವರು ಕೇಳಿದ್ದೇ ತಡ, ನಾನು ಹೇಳಿಬಿಡುತ್ತೇನೆ. "ನನಗೆ ಗೊತ್ತಿಲ್ಲ" ಅನ್ನುವ ಮಾತು ನನ್ನ ಬಾಯಲ್ಲಿ ಬಂದದ್ದು ಬಹಳ ಕಡಿಮೆ. ಆ ಬಾಯಿಂದ ಆದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸ್ಕೂಲಿನಲ್ಲಿ ವಾರಕ್ಕೊಂದು ದಿನ ಮಕ್ಕಳಿಗೆ ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತೇವೆ. ಬಿಸಿಯೂಟ ಆದ ಮೇಲೆ ಸಾಲಾಗಿ ನಿಲ್ಲಿಸಿ ಕಣ್ಣೆದುರೇ ನುಂಗಿಸಬೇಕು. ಆ ಜವಾಬ್ದಾರಿ ಮೊದಲಿನಿಂದಲೂ ನನ್ನದೇ. ಕೆಲವರು ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಹೋಗಿ ನಲ್ಲಿಯ ಹತ್ತಿರ ಉಗುಳುತ್ತಾರೆ. ಅಂಥವರನ್ನು ಹಿಡಿದು ಬಾಯಿ ತೆಗೆಸಿ ನೋಡುತ್ತೇನೆ. ಮಾತ್ರೆ ನುಂಗಿದ ಮಾರನೆಯ ದಿನ ಕಕ್ಕಸ್ಸು ಕಪ್ಪಗೆ ಹೋಗುತ್ತದೆ. ಮೊದಮೊದಲು ಹುಡುಗಿಯರು ಅದಕ್ಕೇ ಹೆದರಿ ಮಾತ್ರೆ ಬಿಟ್ಟುಬಿಡುತ್ತಿದ್ದರು. ಹಾಗಾಗಿ ಪ್ರತಿವರ್ಷ ಸ್ಕೂಲು ಶುರುವಾದ ಕೂಡಲೇ ಹೊಸಬರನ್ನು ಕೂರಿಸಿಕೊಂಡು ಒಂದು ಭಾಷಣ ಬಿಗಿಯುತ್ತಿದ್ದೆ. "ಕಪ್ಪಗೆ ಹೋದ್ರೆ ಹೆದರ್ಬೇಡಿ. ಅದು ಸಹಜ. ಮನೇಲಿ ದೊಡ್ಡ ರಂಪ ಮಾಡ್ಬೇಡಿ." ಅದು ತಪ್ಪು ಮಾತಲ್ಲ. ಈಗಲೂ ಅಲ್ಲ. ಆದರೆ ಒಂದೇ ಮಾತನ್ನು ಅಷ್ಟು ವರ್ಷ ಹೇಳಿ ಹೇಳಿ, ಎದುರಿಗಿರುವವಳು ಏನು ಕೇಳುತ್ತಿದ್ದಾಳೆ ಅನ್ನುವುದನ್ನು ಕೇಳಿಸಿಕೊಳ್ಳುವ ಕಿವಿ ನನಗೆ ಹೋಗಿಬಿಟ್ಟಿತ್ತು.

ನನಗೆ ಮಕ್ಕಳಿಲ್ಲ. ಕುಣಿಗಲ್ಲಿನಲ್ಲಿರುವ ನನ್ನ ತಂಗಿಗೆ ಇರುವವಳು ಒಬ್ಬಳೇ ಮಗಳು. ಹೀಗಾಗಿ ಆ ಹುಡುಗಿಗೆ ಎರಡು ಮನೆ, ಬೈಯುವವರೂ ಇಬ್ಬರು. ತಂಗಿಯ ಗಂಡನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ನಮ್ಮ ಅವ್ವನೂ ಅವರ ಜೊತೆಯಲ್ಲೇ ಇದ್ದಾಳೆ. ಹುಡುಗಿ ಏಳನೇ ಕ್ಲಾಸಿನಲ್ಲಿದ್ದಾಗ, ದೀಪಾವಳಿ ಕಳೆದ ವಾರ, ದೊಡ್ಡವಳಾದಳು. ತಂಗಿ ಫೋನ್ ಮಾಡಿ, "ಅಕ್ಕ, ರಜಾ ಹಾಕ್ಬುಟ್ಟು ಬಾ" ಅಂದಳು. ನಾನು ಹೋಗುವ ಹೊತ್ತಿಗೆ ಅವ್ವ ಒರಳಿನಲ್ಲಿ ಕರಿಎಳ್ಳು, ಬೆಲ್ಲ ಹಾಕಿ ಚಿಗಳಿ ಕುಟ್ಟುತ್ತಿದ್ದಳು.

ನಮ್ಮ ಕಡೆ ಹುಡುಗಿ ಮೈನೆರೆದರೆ ಚಿಗಳಿ ತಿನ್ನಿಸುವುದು ರೂಢಿ. ಸೊಂಟ ಗಟ್ಟಿಯಾಗುತ್ತದೆ, ಗರ್ಭಕೋಶಕ್ಕೆ ಒಳ್ಳೆಯದು ಅನ್ನುತ್ತಾರೆ. ಬೆಳಿಗ್ಗೆ ಒಂದು ಉಂಡೆ, ಸಂಜೆ ಒಂದು ಉಂಡೆ, ಮೇಲೆ ಒಂದು ಚಮಚ ತುಪ್ಪ, ಕಡಿದಷ್ಟು ಕೊಬ್ಬರಿ. ಆರತಿಗೆ ಬಂದ ನೆಂಟರು ಬರಿಗೈಯಲ್ಲಿ ಬರುವುದಿಲ್ಲ, ಅವರೂ ಒಂದೊಂದು ಡಬ್ಬಿ ಚಿಗಳಿ ತರುತ್ತಾರೆ. ಹುಡುಗಿ ಕಿಟಕಿಯ ಪಕ್ಕದ ಚಾಪೆಯ ಮೇಲೆ ಕೂತು, ಒಬ್ಬೊಬ್ಬರೂ ಬಾಯಿಗಿಟ್ಟದ್ದನ್ನು ನುಂಗುತ್ತಿದ್ದಳು. ಅವಳಿಗೆ ಅದು ಸೇರುತ್ತಿರಲಿಲ್ಲ. "ಹೊಟ್ಟೆ ಹಿಡ್ಕಂಡಂಗಾಗ್ತೈತೆ ಅಜ್ಜಿ" ಅಂದರೆ, "ಮೊದ್ಲು ಹಂಗೇ ಆಗೋದು, ತಿನ್ನು" ಅನ್ನುತ್ತಿದ್ದಳು ಅವ್ವ. ನನಗೆ ನಗು. ನಮಗಿಬ್ಬರಿಗೂ ಅವ್ವ ಹಾಗೆಯೇ ತಿನ್ನಿಸಿದ್ದಳು.

ಐದನೆಯ ದಿನ ಬೆಳಿಗ್ಗೆ, ನೀರು ಹಾಕುವುದಕ್ಕೆ ಅವಳನ್ನು ನಾನೇ ಬಚ್ಚಲಿಗೆ ಕರೆದುಕೊಂಡು ಹೋದೆ. ತಲೆಗೆ ಎಣ್ಣೆ ಇಡುತ್ತಿದ್ದೆ. ಅವಳು ಬೆನ್ನು ತೋರಿಸಿಕೊಂಡು ಕೂತಿದ್ದವಳು ತಿರುಗದೆಯೇ ಕೇಳಿದಳು.

"ದೊಡ್ಡಮ್ಮ, ಒಂದ್ ಮಾತು. ಬೈಬಾರ್ದು."

"ಹೇಳು."

"ಕಕ್ಕಸ್ಸು ಕಪ್ಪಗೆ ಹೋಗ್ತೈತೆ. ಅಂಟಂಟು. ವಾಸ್ನೆನೂ ಒಂಥರಾ."

ಆವತ್ತು ಸಂಜೆ ದೊಡ್ಡ ಆರತಿ. ಶಾಮಿಯಾನದವನು ಬಂದಿರಲಿಲ್ಲ, ಅಡಿಗೆಯವರಿಗೆ ತರಕಾರಿ ಸಾಲದಾಗಿತ್ತು, ನನ್ನ ತಲೆ ಅಲ್ಲಿತ್ತು. "ದಿನಾ ಅಷ್ಟು ಚಿಗಳಿ ಮುಕ್ತಿದೀಯ, ಸ್ಕೂಲಲ್ಲಿ ಮಾತ್ರೆ ಬೇರೆ. ಎಳ್ಳು ತಿಂದ್ರೆ ಹಂಗೇ ಕಣೆ. ಇದನ್ನೆಲ್ಲ ಹೊರಗೆ ಹೆಂಗಸ್ರ ಮುಂದೆ ಹೇಳೋಕ್ ಹೋಗ್ಬೇಡ, ಆಡ್ಕೊಂಡು ನಗ್ತಾರೆ" ಅಂದೆ. ಅವಳು ಆಗ ತಿರುಗಿ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ "ಹೂಂ" ಅಂದು ಕಣ್ಣು ಮುಚ್ಚಿಕೊಂಡಳು, ನಾನು ನೀರು ಹೊಯ್ದೆ. ಅಂಟಂಟು ಅಂದಳಲ್ಲ, ವಾಸನೆ ಅಂದಳಲ್ಲ, ಅದನ್ನೇ ನನ್ನ ಕ್ಲಾಸಿನ ಹುಡುಗಿ ಪರೀಕ್ಷೆಯಲ್ಲಿ ಬರೆದಿದ್ದರೆ ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆಯುತ್ತಿದ್ದೆ.

ಸಂಕ್ರಾಂತಿ ಹೊತ್ತಿಗೆ ಅವಳ ಮುಖ ಬಿಳಿಚಿಕೊಂಡಿತ್ತು. ತಂಗಿ ಫೋನಿನಲ್ಲಿ, "ತಿಂಗ್ಳು ತಿಂಗ್ಳು ಜಾಸ್ತಿ ಹೋಗ್ತೈತೆ ಅನ್ಸುತ್ತೆ ಅಕ್ಕ, ಅದಕ್ಕೇ ಸೊರಗವ್ಳೆ" ಅಂದಳು. ನಾನೂ ಸೈ ಅಂದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ರಕ್ತ ಕಡಿಮೆ ಇದೆ ಅಂತ ಹೇಳಿ ಟಾನಿಕ್ ಬರೆದುಕೊಟ್ಟರು. ಆ ಟಾನಿಕ್ಕೂ ಕಬ್ಬಿಣಾಂಶದ್ದೇ. ಈಗ ಕಪ್ಪಗೆ ಹೋಗುವುದಕ್ಕೆ ಮೂರು ಕಾರಣ ಆಯಿತು, ಚಿಗಳಿ, ಮಾತ್ರೆ, ಟಾನಿಕ್. ಮೂರೂ ಒಳ್ಳೆಯ ಕಾರಣಗಳೇ. ಚಿಗಳಿ ಮುಗಿದು ಎಷ್ಟು ದಿನವಾಯಿತು ಅಂತ ಯಾರೂ ಲೆಕ್ಕ ಹಾಕಲಿಲ್ಲ. ಹುಡುಗಿ ಮತ್ತೆ ಬಾಯಿ ಬಿಡಲಿಲ್ಲ. ಬಿಡಬೇಡ ಅಂದವಳು ನಾನೇ ತಾನೆ.

ಬೇಸಿಗೆ ರಜೆಗೆ ಗುಬ್ಬಿಗೆ ಬಂದಳು. ನಾನು ಸಂಡಿಗೆ ಇಟ್ಟಿದ್ದೆ. ಮಧ್ಯಾಹ್ನ ಮೋಡ ಕಟ್ಟಿದ ಹಾಗೆ ಕಂಡಿತು, "ಹೋಗಿ ಎತ್ಕೊಂಡು ಬಾರೇ" ಅಂತ ಟೆರೇಸಿಗೆ ಕಳಿಸಿದೆ. ಅರ್ಧ ಮೆಟ್ಟಿಲು ಹತ್ತಿ ಕೂತುಬಿಟ್ಟಳು. ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿದ್ದಳು. ನಾನು ಕೆಳಗಿನಿಂದಲೇ ಶುರುಮಾಡಿದೆ. "ಮೂರು ಹೊತ್ತೂ ಮೊಬೈಲ್ ಹಿಡ್ಕೊಂಡ್ ಕೂತ್ರೆ ಮೈಯಲ್ಲಿ ಕಸುವು ಎಲ್ಲಿಂದ ಬರುತ್ತೆ? ಸೊಪ್ಪು ಕಂಡ್ರೆ ಮೂಗು ಮುರೀತೀಯ." ಅವಳು ನನ್ನ ಮಾತಿಗೆ ಹೆದರಿ ಎದ್ದು ನಿಂತಳು. ನಿಂತವಳು ಹಾಗೆಯೇ ಪಕ್ಕಕ್ಕೆ ವಾಲಿ ಉರುಳಿದಳು. ಓಡಿಹೋಗಿ ತಲೆ ತೊಡೆಯ ಮೇಲಿಟ್ಟುಕೊಂಡು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಸ್ಕೂಲಿನಲ್ಲಿ ನೂರಾರು ಮಕ್ಕಳ ರೆಪ್ಪೆ ಎಳೆದು ನೋಡಿದ್ದೇನೆ, ಅಷ್ಟು ಬಿಳಿ ಎಂದೂ ಕಂಡಿರಲಿಲ್ಲ.

ನನ್ನ ಗಂಡ ಬಿದರೆಹಳ್ಳಿ ಕಾವಲ್ ಕಡೆ ಕೆಲಸಕ್ಕೆ ಹೋಗಿದ್ದರು. ಪಕ್ಕದ ಮನೆಯ ಭಾಯಿ, ಫರ್ನಿಚರ್ ಕೆಲಸ ಮಾಡುವವರು, ತಮ್ಮ ವ್ಯಾನಿನಲ್ಲಿದ್ದ ಬಾಗಿಲುಗಳನ್ನೆಲ್ಲ ಬೀದಿಯಲ್ಲೇ ಇಳಿಸಿ, "ಕೂತ್ಕೊಳ್ಳಿ ಟೀಚರ್" ಅಂದರು. ತುಮಕೂರಿನ ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋದದ್ದು. ನಾವು ತಲುಪಿ ರಕ್ತ ಪರೀಕ್ಷೆಯ ರಿಪೋರ್ಟ್ ಬರುವಷ್ಟರಲ್ಲಿ ಕುಣಿಗಲ್ಲಿನಿಂದ ತಂಗಿ, ಅವಳ ಗಂಡ ಬಂದರು. ಹನ್ನೆರಡರ ಆಸುಪಾಸಿನಲ್ಲಿರಬೇಕಾದ ಹಿಮೋಗ್ಲೋಬಿನ್ ನಾಲ್ಕು ಚಿಲ್ಲರೆ ಇತ್ತು. "ಇಷ್ಟು ಕಡಿಮೆ ಇಟ್ಕೊಂಡು ಈ ಮಗು ಹೇಗೆ ಓಡಾಡ್ತಿತ್ತು?" ಅಂದರು ಡಾಕ್ಟರ್. ಅವರೊಬ್ಬರು ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೆತ್ತಗೆ, ಆದರೆ ಕಣ್ಣು ತಪ್ಪಿಸಿಕೊಳ್ಳುವುದಕ್ಕೆ ಬಿಡುತ್ತಿರಲಿಲ್ಲ.

ರಕ್ತ ಏರಿಸಿದರು. ಡಾಕ್ಟರ್ ಮಂಚದ ಪಕ್ಕ ಕೂತು ಹುಡುಗಿಯನ್ನೇ ಕೇಳಿದರು. "ಕಕ್ಕಸ್ಸು ಕಪ್ಪಗೆ ಹೋಗುತ್ತಾ ಪುಟ್ಟಾ?"

ಮಂಚದ ಈ ಕಡೆ ನಾನು, ಆ ಕಡೆ ತಂಗಿ. ಹುಡುಗಿ ಒಮ್ಮೆ ಅಮ್ಮನ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. "ಹೂಂ" ಅಂದಳು.

"ಎಷ್ಟು ದಿನದಿಂದ?"

"ಒಂದ್ ವಾರದಿಂದ."

ಐದು ತಿಂಗಳು ಕಣೇ, ಐದು ತಿಂಗಳು ಅಂತ ಒಳಗೇ ಕೂಗಿಕೊಂಡೆ. ಹನ್ನೆರಡು ವರ್ಷದ ಹುಡುಗಿ, ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿ, ನನ್ನ ಮಾನ ಉಳಿಸುವುದಕ್ಕೆ ಸುಳ್ಳು ಹೇಳುತ್ತಿದ್ದಾಳೆ. ಎಲ್ಲದಕ್ಕೂ ಮುಂದೆ ಬಿದ್ದು ಮಾತಾಡುವ ನನ್ನ ನಾಲಿಗೆ ಆಗ ಹೊರಳಲೇ ಇಲ್ಲ. ತಂಗಿಯೂ ತಲೆ ತಗ್ಗಿಸಿ ನಿಂತಿದ್ದಳು. ಪಾಪ, ಹೆತ್ತವಳಿಗೆ ಏನೂ ಗೊತ್ತಿಲ್ಲ ಅಂದುಕೊಂಡೆ.

ಮಾರನೆಯ ದಿನ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಡಾಕ್ಟರ್ ನಮ್ಮನ್ನು ಕರೆದು ಫೋಟೋ ತೋರಿಸಿದರು. ಜಠರದ ಕೆಳಭಾಗದಲ್ಲಿ ಗೋಡೆಯಿಂದ ಉಬ್ಬಿಕೊಂಡು ಬಂದ ಒಂದು ಗಡ್ಡೆ, ಅದರ ನೆತ್ತಿಯ ಮೇಲೆ ಹುಣ್ಣು. ಆ ಹುಣ್ಣಿನಿಂದ ರಕ್ತ ಒಸರುತ್ತಿದೆ, ಒಸರಿದ ರಕ್ತ ಕರುಳಿನಲ್ಲಿ ಜೀರ್ಣವಾಗಿ ಕಪ್ಪಾಗಿ ಹೋಗುತ್ತಿದೆ ಅಂದರು. ಸ್ಕ್ಯಾನಿನಲ್ಲಿ ಅದರ ಪಕ್ಕದಲ್ಲಿ ಇನ್ನೆರಡು ಸಣ್ಣವು ಕಂಡವು. ನಮ್ಮ ಜೀರ್ಣನಾಳದ ಗೋಡೆಯೊಳಗೆ, ಈಗ ಹಿಂಡು, ಈಗ ಬಿಡು ಅಂತ ಸೂಚನೆ ಕೊಡುವ ಜೀವಕೋಶಗಳಿವೆಯಂತೆ. ಆ ಜಾತಿಯ ಜೀವಕೋಶದಿಂದ ಹುಟ್ಟುವ ಗಡ್ಡೆ ಇದು, ಜಿಸ್ಟ್ ಅನ್ನುತ್ತಾರೆ, ವಯಸ್ಸಾದವರಲ್ಲೇ ಅಪರೂಪ, ಮಕ್ಕಳಲ್ಲಂತೂ ತೀರಾ ಅಪರೂಪ ಅಂದರು. ಜೀರ್ಣಾಂಗವ್ಯೂಹದ ಪಾಠವನ್ನು ಇಪ್ಪತ್ತೆರಡು ಸಲ ಮಾಡಿದ್ದೇನೆ. ಆ ಜೀವಕೋಶಗಳ ವಿಷಯ ನನಗೆ ಗೊತ್ತೇ ಇರಲಿಲ್ಲ.

"ಕ್ಯಾನ್ಸರಾ ಮೇಡಂ?" ಅಂತ ಕೇಳಿದ್ದು ತಂಗಿಯ ಗಂಡ.

"ಅದೇ ಗುಂಪಿಗೆ ಸೇರಿದ್ದು. ಆದ್ರೆ ಮಕ್ಕಳಲ್ಲಿ ಇದು ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತೆ. ಬೆಂಗಳೂರಿಗೆ ಬರೆದುಕೊಡ್ತೀನಿ, ಇಂಥದ್ದನ್ನ ನೋಡಿರೋ ಸರ್ಜನ್ನೇ ಬೇಕು."

ಆವತ್ತು ಮಧ್ಯಾಹ್ನ ತಂಗಿ ಕ್ಯಾಂಟೀನಿಗೆ ಹೋದಾಗ ನಾನು ಒಬ್ಬಳೇ ಡಾಕ್ಟರ ಕೊಠಡಿಗೆ ಹೋದೆ. ನಿಂತುಕೊಂಡೇ ಹೇಳಿದೆ. "ಒಂದು ವಾರ ಅಲ್ಲ ಮೇಡಂ. ಐದು ತಿಂಗಳು. ನನಗೆ ಹೇಳಿದ್ಲು, ನಾನು ಎಳ್ಳು ತಿಂದಿದ್ದಕ್ಕೆ ಅಂದೆ." ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆವತ್ತೇ ಕರೆತಂದಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. "ಗಡ್ಡೆ ಆಗ್ಲೂ ಇರ್ತಿತ್ತು. ಎಷ್ಟು ದೊಡ್ಡದಿರ್ತಿತ್ತು ಅಂತ ಹೇಳಕ್ಕಾಗಲ್ಲ. ಮಗು ಇಷ್ಟು ರಕ್ತ ಕಳ್ಕೊಳ್ತಿರ್ಲಿಲ್ಲ, ಅದಷ್ಟು ನಿಜ." ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಬ್ಬಿಣಾಂಶದಿಂದ ಬರುವ ಕಪ್ಪು ಹಸಿರು ಬೆರೆತ ಕಪ್ಪು, ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ರಕ್ತದ ಕಪ್ಪು ಡಾಂಬರಿನ ಹಾಗೆ ಅಂಟುತ್ತದೆ, ಕೆಟ್ಟ ವಾಸನೆ ಇರುತ್ತದೆ. ಅನುಮಾನ ಬಂದರೆ ಒಂದು ಸಣ್ಣ ಪರೀಕ್ಷೆ ಸಾಕು. ಇಷ್ಟನ್ನು ಅವರು ನನಗೆ ಬಿಡಿಸಿ ಹೇಳಿದರು. ಹುಡುಗಿ ಬಚ್ಚಲಿನಲ್ಲಿ ಎರಡೇ ಮಾತಿನಲ್ಲಿ ಹೇಳಿದ್ದೂ ಇದನ್ನೇ.

ಡಾಕ್ಟರಿಗೇನೋ ಹೇಳಿದೆ. ತಂಗಿಗೆ ಹೇಳಲಿಲ್ಲ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಜಠರದ ಕೆಳಭಾಗವನ್ನು ತೆಗೆದರು, ಪಕ್ಕದ ಕೆಲವು ಗ್ರಂಥಿಗಳನ್ನೂ ತೆಗೆದರು. ಲಿವರ್‌ಗೆ ಹರಡಿರಲಿಲ್ಲ. ತೆಗೆದ ಗಡ್ಡೆಯನ್ನು ಪರೀಕ್ಷೆಗೆ ಕಳಿಸಿ ವಾರಗಟ್ಟಲೆ ಕಾದೆವು. ವಯಸ್ಸಾದವರ ಗಡ್ಡೆಗೆ ಒಳ್ಳೆಯ ಮಾತ್ರೆ ಇದೆಯಂತೆ, ಎಷ್ಟೋ ಜನ ಅದನ್ನೇ ನುಂಗಿಕೊಂಡು ವರ್ಷಗಟ್ಟಲೆ ಆರಾಮಾಗಿರುತ್ತಾರಂತೆ. ಇವಳದ್ದು ಮಕ್ಕಳ ಜಾತಿಯದ್ದು, ಆ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ ಅಂತ ರಿಪೋರ್ಟ್ ಬಂತು. "ಪೂರ್ತಿ ಜಠರ ತೆಗೆದ್ರೆ ಬೆಳೆಯೋ ಮಗು ಏನು ತಿಂದು ಬೆಳೀಬೇಕು? ಕಂಡದ್ದನ್ನ ತೆಗೆದಿದೀವಿ. ಇನ್ನು ಕಾಯ್ತಾ ಇರ್ಬೇಕು. ಮತ್ತೆ ಬರಬಹುದು, ವರ್ಷಗಟ್ಟಲೆ ಬರದೇನೂ ಇರಬಹುದು" ಅಂದರು ಸರ್ಜನ್. ಮೂರು ತಿಂಗಳಿಗೊಮ್ಮೆ ತುಮಕೂರಿನಲ್ಲಿ ತೋರಿಸಬೇಕು, ಆಗಾಗ ಸ್ಕ್ಯಾನ್, ಜೀವನಪೂರ್ತಿ. ಕೊನೆಗೆ ಹುಡುಗಿಯ ಕಡೆ ತಿರುಗಿ, "ಕಪ್ಪಗೆ ಹೋದ್ರೆ ಅವತ್ತೇ ಹೇಳ್ಬೇಕು. ನಾಳೆ ಅಲ್ಲ. ಗೊತ್ತಾಯ್ತಾ?" ಅಂದರು. ಅವಳು ತಲೆ ಆಡಿಸಿದಳು. ಆ ತಲೆ ಆಡಿಸುವಿಕೆಯನ್ನು ನಂಬುವ ಧೈರ್ಯ ನನಗಿರಲಿಲ್ಲ. ಅವಳ ಪ್ರಾಣ ಈಗ ಅವಳ ಬಾಯಿ ಬಿಡುವಿಕೆಯ ಮೇಲಿತ್ತು, ಆ ಬಾಯಿಗೆ ಬೀಗ ಹಾಕಿದವಳು ನಾನು.

ಮನೆಗೆ ಬಂದ ಮೇಲೆ ಅವಳ ಊಟ ಇಷ್ಟೇ. ನಿಂಬೆಹಣ್ಣಿನ ಗಾತ್ರದ ಮುದ್ದೆ, ಎರಡು ಚಮಚ ಸಾರು, ಅಷ್ಟಕ್ಕೇ ಹೊಟ್ಟೆ ತುಂಬುತ್ತಿತ್ತು. ದಿನಕ್ಕೆ ಆರು ಸಲ ಅಷ್ಟಷ್ಟೇ. ಸಿಹಿ ತಿಂದರೆ ತಲೆ ಸುತ್ತಿ ಬೆವರುತ್ತಿದ್ದಳು. ನೋಡುವುದಕ್ಕೆ ಬಂದವರು ತಲೆಗೊಂದು ಮಾತಾಡುತ್ತಿದ್ದರು. ಒಬ್ಬಳು ಆರತಿ ದಿನ ದೃಷ್ಟಿಯಾಗಿದೆ ಅಂದಳು. ಇನ್ನೊಬ್ಬಳು ಯಾವುದೋ ಎಲೆಯ ರಸ ಕುಡಿಸಿ ಅಂದಳು. ಮೊದಲಿನ ನಾನಾಗಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಬಿಡಿಸಲಿ? ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ತಂಗಿಯ ಮಾತು. ಬಂದವರಿಗೆಲ್ಲ ಕಾಫಿ ಕೊಡುತ್ತಾ, "ನಮ್ಮಕ್ಕ ಇಲ್ದಿದ್ರೆ ನನ್ನ ಮಗು ಉಳೀತಿರ್ಲಿಲ್ಲ. ಒಂದೇ ನೋಟಕ್ಕೆ ಕಂಡುಹಿಡಿದ್ಬುಟ್ಲು" ಅನ್ನುತ್ತಿದ್ದಳು. ಪ್ರತಿ ಸಲವೂ ಅನ್ನುತ್ತಿದ್ದಳು. ಪಕ್ಕದಲ್ಲೇ ಹುಡುಗಿ ಕೂತಿರುತ್ತಿದ್ದಳು, ಕಣ್ಣೆತ್ತುತ್ತಿರಲಿಲ್ಲ. ನಾನು ಲೋಟ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ.

ಸ್ಕೂಲು ಶುರುವಾಯಿತು. ಮಾತ್ರೆಯ ದಿನ ಹೊಸ ಹುಡುಗಿಯರನ್ನು ಕೂರಿಸಿಕೊಂಡೆ. ಹಳೆಯ ಭಾಷಣ ಬಾಯಿಗೆ ಬಂತು, ನುಂಗಿದೆ. "ಮಾತ್ರೆಯಿಂದ ಕಪ್ಪಗೆ ಹೋಗುತ್ತೆ. ಆದ್ರೆ ಅಂಟಂಟಾಗಿದ್ರೆ, ವಾಸ್ನೆ ಬಂದ್ರೆ, ತಲೆ ಸುತ್ತಿದ್ರೆ ನನಗೆ ಬಂದು ಹೇಳಿ. ನಾನು ಬೈಯಲ್ಲ" ಅಂದೆ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಎರಡು ವಾರದ ಮೇಲೆ ಒಬ್ಬಳು ಬಂದು ಕಿವಿಯಲ್ಲಿ ಹೇಳಿದಳು. ಅವಳನ್ನು ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ, ಏನೂ ಇರಲಿಲ್ಲ. ಅವಳ ಅಪ್ಪ ಸ್ಕೂಲಿಗೆ ಬಂದು, "ಸುಮ್ನಿರೋ ಮಕ್ಳನ್ನ ಯಾಕೆ ಹೆದರಿಸ್ತೀರ ಮೇಡಂ" ಅಂದ. ಅವನ ಮಗಳು ಚೆನ್ನಾಗಿದ್ದಾಳೆ ಅನ್ನುವ ಸಂತೋಷಕ್ಕೆ ಬೈಸಿಕೊಂಡೆ.

ಶ್ರಾವಣದಲ್ಲಿ ನಾಗರ ಪಂಚಮಿ ಬಂತು. ಆಪರೇಷನ್ ಆದ ಮೇಲಿನ ಮೊದಲ ಹಬ್ಬ, ಕುಣಿಗಲ್ಲಿಗೇ ಹೋದೆ. ನಾಗರಕಲ್ಲಿಗೆ ತನಿ ಎರೆಯುವಾಗ ತಂಬಿಟ್ಟಿನ ಜೊತೆ ಚಿಗಳಿ ಇಡುವುದು ನಮ್ಮ ಮನೆಯ ಪದ್ಧತಿ. ಅವ್ವ ಬೆಳಿಗ್ಗೆಯೇ ಎದ್ದು ಎಳ್ಳು ಕುಟ್ಟಿ, ಉಂಡೆ ಕಟ್ಟಿ ತಟ್ಟೆಯಲ್ಲಿ ಜೋಡಿಸಿದ್ದಳು. ತಂಗಿ ಸ್ನಾನ ಮಾಡಿ ಅಡಿಗೆಮನೆಗೆ ಬಂದಳು. ತಟ್ಟೆ ಕಂಡಳು. ಒಂದು ಮಾತಿಲ್ಲ ಕತೆಯಿಲ್ಲ, ತಟ್ಟೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಅಷ್ಟೂ ಉಂಡೆಗಳನ್ನು ತೆಂಗಿನ ಬುಡಕ್ಕೆ ಸುರಿದುಬಿಟ್ಟಳು. "ದೇವ್ರಿಗೆ ಮಾಡಿದ್ದು ಕಣೇ, ಏನ್ ಬಂದೈತೆ ನಿಂಗೆ" ಅಂತ ಅವ್ವ ಬಾಗಿಲಲ್ಲೇ ಕೂತುಕೊಂಡಳು.

ಹುಡುಗಿ ಹೇಳಿಬಿಟ್ಟಿದ್ದಾಳೆ ಅಂದುಕೊಂಡೆ. ಬಚ್ಚಲಿನ ಮಾತು ಇವಳಿಗೆ ಗೊತ್ತಾಗಿದೆ, ಇಷ್ಟು ದಿನ ನುಂಗಿಕೊಂಡಿದ್ದಳು, ಇವತ್ತು ಎಳ್ಳು ಕಂಡು ಕಾರಿಕೊಂಡಳು. ಒಂದು ಲೆಕ್ಕಕ್ಕೆ ನಿರಾಳವಾಯಿತು. ಹಿತ್ತಲಿಗೆ ಹೋಗಿ ಅವಳ ಪಕ್ಕ ನಿಂತೆ.

"ಬೈಯೋದಿದ್ರೆ ಬೈದ್ಬಿಡೇ. ಆರತಿ ದಿನ ಅವ್ಳು ನಂಗೆ ಹೇಳಿದ್ಲು. ಕಪ್ಪಗೆ ಹೋಗ್ತೈತೆ ಅಂದ್ಲು. ಎಳ್ಳು ತಿಂದ್ರೆ ಹಂಗೇ, ಯಾರಿಗೂ ಹೇಳ್ಬೇಡ ಅಂದೆ. ಟೀಚರ್ ಅಂತೆ ನಾನು."

ತಂಗಿ ಖಾಲಿ ತಟ್ಟೆ ಹಿಡಿದುಕೊಂಡೇ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು.

"ನಿಂಗೂ ಹೇಳಿದ್ಲಾ ಅಕ್ಕ?"

ನನಗೆ ತಕ್ಷಣ ತಲೆಗೆ ಹೋಗಲಿಲ್ಲ.

"ಮೂರ್ನೇ ದಿನ ನಂಗೆ ಹೇಳಿದ್ಲು. ಮನೆ ತುಂಬ ನೆಂಟ್ರು. ಎಳ್ಳು ತಿಂದ್ರೆ ಹಂಗೇ ಕಣೆ, ಸುಮ್ನಿರು ಅಂದ್ಬುಟ್ಟೆ. ಆಸ್ಪತ್ರೇಲಿ ಒಂದ್ ವಾರ ಅಂದಾಗ ನನ್ನ ಉಳಿಸೋಕೇ ಹೇಳ್ತವ್ಳೆ ಅಂತ ಗೊತ್ತಾಯ್ತು. ಬಾಯಿ ಬರ್ಲಿಲ್ಲ. ಬಂದೋರ್ ಮುಂದೆಲ್ಲ ನಿನ್ನ ಹೊಗಳ್ತಿದ್ನಲ್ಲ, ಯಾರೂ ನನ್ನ ಕೇಳ್ಬಾರ್ದು ಅಂತ ಅಕ್ಕ."

ಅದೇ ಮಾತು. ಅಕ್ಷರ ಅಕ್ಷರ ಅದೇ. ಇಬ್ಬರೂ ಒಬ್ಬಳೇ ಅವ್ವನ ಹತ್ತಿರ ಕಲಿತದ್ದು. ಬಚ್ಚಲಿನಲ್ಲಿ ಅವಳು ನನ್ನ ಮುಖವನ್ನೇ ಅಷ್ಟು ಹೊತ್ತು ಯಾಕೆ ನೋಡಿದಳು ಅಂತ ಆಗ ಗೊತ್ತಾಯಿತು.

ನಡುಮನೆಯಲ್ಲಿ ಹುಡುಗಿ ಗೋಡೆಗೆ ಒರಗಿ ಕೂತು ಸ್ಕೂಲಿನ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ನಾವಿಬ್ಬರೂ ಹೋಗಿ ಎದುರಿಗೆ ಕೂತೆವು. ನಮ್ಮಿಬ್ಬರಿಗೂ ಹೇಳಿದ್ದೆಯಾ ಅಂತ ತಂಗಿ ಕೇಳಿದಳು.

"ಹೂಂ. ಮೊದ್ಲು ನಿಂಗೆ. ಆಮೇಲೆ ದೊಡ್ಡಮ್ಮಂಗೆ." ಪೆನ್ಸಿಲ್ ಕೆಳಗಿಡಲಿಲ್ಲ. "ಇಬ್ರೂ ಒಂದೇ ಹೇಳಿದ್ರಲ್ಲ. ಅದಕ್ಕೆ ನಿಜ ಇರ್ಬೇಕು ಅಂದ್ಕೊಂಡೆ."

ತಂಗಿ ಸೆರಗು ಬಾಯಿಗೆ ತುರುಕಿಕೊಂಡಳು. ನಾನು, "ನಮ್ದು ತಪ್ಪು ಪುಟ್ಟಾ. ಇಬ್ರದ್ದೂ. ಇನ್ಮೇಲೆ ಹಂಗಾದ್ರೆ ಹೇಳ್ತೀಯಲ್ಲ?" ಅಂದೆ. ಅವಳು ಹಚ್ಚಿದ ಜಾಗಕ್ಕೇ ಮತ್ತೆ ಮತ್ತೆ ಬಣ್ಣ ಹಚ್ಚಿದಳು. ಕೊನೆಗೆ ತಲೆ ಎತ್ತದೆ ಹೇಳಿದಳು.

"ಮೊನ್ನೆ ಭಾನುವಾರ ಹೋಯ್ತು. ಮಾತ್ರೆದ್ದಲ್ಲ. ಆವತ್ತಿನ ಥರದ್ದೇ."

"ಯಾಕ್ ಹೇಳ್ಲಿಲ್ವೇ?"

"ಹಬ್ಬ ಇತ್ತಲ್ಲ. ಎಲ್ರೂ ಸ್ವಲ್ಪ ಚೆನ್ನಾಗಿದ್ರಿ."

ತನಿ ಎರೆಯುವುದು ಅವ್ವನಿಗೇ ಉಳಿಯಿತು. ಪಕ್ಕದ ಬೀದಿಯವರ ಕಾರು ಕೇಳಿ, ಉಟ್ಟ ಸೀರೆಯಲ್ಲೇ ತುಮಕೂರಿಗೆ ಹೊರಟೆವು. ಹೆಬ್ಬೂರು, ಗೂಳೂರು ದಾಟಿ ಹೋಗುವಾಗ ಕಾರಿನಲ್ಲಿ ಹುಡುಗಿ ನಮ್ಮಿಬ್ಬರ ನಡುವೆ ಕೂತಿದ್ದಳು, ನನ್ನ ಒಂದು ಕೈ ಅವಳ ಮೊಣಕಾಲಿನ ಮೇಲಿತ್ತು, ತಂಗಿಯ ಕೈ ಇನ್ನೊಂದು ಮೊಣಕಾಲಿನ ಮೇಲೆ. ಆ ಸಲ ಸಿಕ್ಕಿದ್ದು ಹೊಲಿಗೆಯ ಜಾಗಕ್ಕೆ ಹತ್ತಿರದಲ್ಲೇ ಕಡಲೆಕಾಳಿನಷ್ಟು ಒಂದು ಗಂಟು. ಬೇಗ ಬಂದಿದ್ದೀರಿ ಅಂದರು, ಅದನ್ನೂ ತೆಗೆದರು. ಮುಂದಿನದು ಯಾವಾಗಲೋ, ಎಲ್ಲೋ, ಯಾರಿಗೂ ಗೊತ್ತಿಲ್ಲ. ಈಗ ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ, ನಾವು ಸ್ಕ್ಯಾನಿನಿಂದ ಸ್ಕ್ಯಾನಿಗೆ ಉಸಿರು ಹಿಡಿದುಕೊಂಡು ಬದುಕುತ್ತಿದ್ದೇವೆ.

ಆದರೆ ನನಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿರುವುದು ಆ ಹಬ್ಬದ ದಿನ ಮಧ್ಯಾಹ್ನ ತುಮಕೂರಿನ ಅದೇ ವಾರ್ಡು, ಅದೇ ಡಾಕ್ಟರು. ಮಂಚದ ಈ ಕಡೆ ನಾನು, ಆ ಕಡೆ ತಂಗಿ. ಡಾಕ್ಟರ್ ಸ್ಟೂಲ್ ಎಳೆದುಕೊಂಡು ಕೂತು, ಹುಡುಗಿಯನ್ನೇ ಕೇಳಿದರು.

"ಯಾವಾಗಿಂದ ಪುಟ್ಟಾ?"

"ಭಾನುವಾರ ಬೆಳಿಗ್ಗೆಯಿಂದ. ಮೂರು ಸಲ ಆಯ್ತು. ಅಂಟಂಟು, ವಾಸ್ನೆನೂ ಇತ್ತು" ಅಂದಳು. ಈ ಸಲ ಅವಳು ಅಮ್ಮನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.